ಬುತ್ತಿ ಬ್ಯಾಡ ಅಂದ ದಿನ

ನಸುಕಿಗೇ ಎದ್ದು ರೊಟ್ಟಿ ಬಡಿದು, ಬದನೆಕಾಯಿ ಎಣ್ಣೆಗಾಯಿ ಮಾಡಿ ಬುತ್ತಿ ಕಟ್ಟುತ್ತಿದ್ದೆ. ಕಾರಿನ ಗಾಜು ಒರೆಸಿ ಒಳಗೆ ಬಂದ ನಮ್ಮವರು ಅದನ್ನು ನೋಡಿ, "ಬುತ್ತಿ ಬ್ಯಾಡ, ಇವತ್ತ ಹೊರಗ ಉಣ್ಣೋಣು" ಎಂದರು. ಮೈಯೆಲ್ಲ ಉರಿದುಹೋಯಿತು. ಅವರಿಗೆ ಕಾಣದ ಹಾಗೆ ಗಂಟನ್ನು ಸೀರೆಯ ಚೀಲದೊಳಗೆ ತುರುಕಿ ಕಾರಿನ ಹಿಂದಿನ ಸೀಟಿನ ಕೆಳಗೆ ಇಟ್ಟೆ.

ನಮ್ಮದು ಹನುಮಸಾಗರದ ತುಂಬಿದ ಮನೆ. ಅತ್ತೆ, ಮೈದುನರು, ಅವರ ಹೆಂಡಿರು ಮಕ್ಕಳು. ಗಂಡಸರು ಉಂಡ ಮೇಲೆ ನಮ್ಮ ಊಟ. ಗಂಡ ಉಂಡ ತಾಟಿನಲ್ಲೇ ಹೆಂಡತಿ ಉಣ್ಣಬೇಕೆಂದು ಮದುವೆಯಾದ ಹೊಸದರಲ್ಲೇ ಅತ್ತೆ ಹೇಳಿಕೊಟ್ಟಿದ್ದರು. ಮೈದುನರು ಮಜ್ಜಿಗೆ ಹಾಕಿಸಿಕೊಂಡು, ಹರಟೆ ಹೊಡೆದು, ಆರಾಮಾಗಿ ಉಂಡೇಳುತ್ತಾರೆ. ನಮ್ಮವರು ಮಾತ್ರ ತಗ್ಗಿಸಿದ ತಲೆ ಎತ್ತದೆ, ಬಸ್ಸು ತಪ್ಪುತ್ತದೆ ಅನ್ನುವವರ ಹಾಗೆ ಗಬಗಬ ನುಂಗಿ ಎದ್ದುಬಿಡುತ್ತಾರೆ. ಛಲೋ ಆಗಿದೆ ಅಂತಿಲ್ಲ, ಕೆಟ್ಟಿದೆ ಅಂತಿಲ್ಲ. ಒಮ್ಮೆ ನಾದಿನಿ ಸುನಿತಾ ಎಲ್ಲರೆದುರು, "ವೈನಿ, ನಿಮ್ಮ ಕೈ ಅಡಿಗಿ ಅಣ್ಣಗ ಸೇರಂಗಿಲ್ಲ ಬಿಡ್ರಿ" ಎಂದು ನಕ್ಕಳು. ನಾನೂ ನಕ್ಕೆ. ಆದರೆ ಆ ಮಾತು ಎದೆಯಲ್ಲಿ ಕುಂತೇಬಿಟ್ಟಿತು. ಅಡಿಗೆ ಸೇರದವನಿಗೆ ಮಾಡಿದವಳು ತಾನೇ ಹೇಗೆ ಸೇರಿಯಾಳು? ನನ್ನ ಹೆಸರು ನೋಡಿದರೆ ಅನ್ನಪೂರ್ಣ.

ಮಗಳ ಮದುವೆ ಮುಗಿದಿತ್ತು, ದಾಳಿಂಬೆ ಬೆಳೆ ಕೈಹಿಡಿದಿತ್ತು, ಹಳೆಯದೊಂದು ಕಾರು ಬಂದಿತ್ತು. ನಾವಿಬ್ಬರೇ ಹೊರಗೆ ಹೊರಟದ್ದು ಇದೇ ಮೊದಲು. ಇವತ್ತು ಕೇಳಿಯೇ ಬಿಡುವುದು ಎಂದು ನಾನು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಬುತ್ತಿ ಬ್ಯಾಡ ಅಂದ ಮೇಲಂತೂ ಕೇಳದೆ ಬಿಡುವ ಮಾತೇ ಇರಲಿಲ್ಲ.

ಕುಷ್ಟಗಿಯಲ್ಲಿ ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿಂದೆವು. ಕಾರಿಗೆ ಆತು ನಿಂತು ತಿಂದದ್ದು, ಸುತ್ತ ಜನ, ಅಲ್ಲಿ ಕೇಳಲಾಗಲಿಲ್ಲ. ಯಲಬುರ್ಗಾ, ಕುಕನೂರು ದಾಟಿ ಇಟಗಿಯ ಮಹಾದೇವ ಗುಡಿಗೆ ಬಂದೆವು. ಅಲ್ಲಿ ಅವರನ್ನು ನೋಡಬೇಕಿತ್ತು. ಒಂದೊಂದು ಕಂಬಕ್ಕೂ ಕೈ ಆಡಿಸುತ್ತ, ತಲೆ ಎತ್ತಿ ಚಾವಣಿಯ ಕೆತ್ತನೆ ನೋಡುತ್ತ, ಬರ್ರಿ ಅಂದರೂ ಬಾರದೆ ನಿಂತರು. ಕಲ್ಲಿನ ಮುಂದೆ ಇಷ್ಟು ಹೊತ್ತು ನಿಲ್ಲುವ ಮನುಷ್ಯನಿಗೆ ನನ್ನ ರೊಟ್ಟಿಯ ಮುಂದೆ ಕೂರಲು ಏನು ಧಾಡಿ ಅಂದುಕೊಂಡೆ. ಸಿಟ್ಟಿಗಿಂತ ದುಃಖ ಹೆಚ್ಚಾಗಿ, ಹೊಂಡದ ಮೆಟ್ಟಿಲ ಮೇಲೆ ಒಬ್ಬಳೇ ಹೋಗಿ ಕುಳಿತೆ.

ಮಧ್ಯಾಹ್ನಕ್ಕೆ ಕೊಪ್ಪಳ. ಹೊನ್ನೂರಪ್ಪ ಅನ್ನುವವರ ಖಾನಾವಳಿ. ಎದುರುಬದುರು ಕುಳಿತೆವು, ಎರಡು ತಾಟು ಬಂದವು, ಉಬ್ಬಿದ ಬಿಸಿ ರೊಟ್ಟಿ ಬಿದ್ದವು. ನಾನು ರೂಢಿಯಂತೆ ಮೊಸರಿನ ಬಟ್ಟಲನ್ನು ಅವರ ಕಡೆ ಸರಿಸಿ, ಕೈ ಮಡಿಲಲ್ಲಿಟ್ಟು ಕುಳಿತೆ. ಅವರು ತಾಟು ಮುಟ್ಟಲಿಲ್ಲ. ನೀ ಉಣ್ಣು ಎಂದರು. ನೀವು ಮೊದಲು ಅಂದೆ. ಅವರು ಕದಲಲಿಲ್ಲ, ನಾನೂ ಕದಲಲಿಲ್ಲ. ರೊಟ್ಟಿಯ ಹಬೆ ಇಳಿಯುತ್ತ ಬಂತು. ಹೊನ್ನೂರಪ್ಪ ಗಾಬರಿಯಾಗಿ ಬಂದು, ಅಡಿಗೆಯಲ್ಲಿ ಏನಾದರೂ ಬಿದ್ದಿದೆಯೇ ಎಂದು ವಿಚಾರಿಸಿಕೊಂಡು ಹೋದರು.

ಮೆತ್ತಗೆ ಕೇಳಬೇಕೆಂದಿದ್ದ ಮಾತು ಬಿರುಸಾಗಿಯೇ ಹೊರಬಿತ್ತು. "ನನ್ನ ಅಡಿಗಿ ಸೇರಂಗಿಲ್ಲಂದ್ರ ಬಾಯಿಬಿಟ್ಟು ಹೇಳಿಬಿಡ್ರಿ. ಮನ್ಯಾಗ ಎರಡು ತುತ್ತು ನುಂಗಿ ಎದ್ದು ಹೋಗ್ತೀರಿ. ಇವತ್ತ ಬುತ್ತೀನೂ ಬ್ಯಾಡಂದ್ರಿ."

ಅವರು ನನ್ನ ಮುಖವನ್ನೇ ನೋಡಿದರು. ಏನು ಕೇಳುತ್ತಿದ್ದಾಳೆ ಎಂದು ತಿಳಿಯಲು ಅವರಿಗೆ ಹೊತ್ತು ಹಿಡಿಯಿತು.

"ನೀ ಹಸದು ಗ್ವಾಡಿಗೆ ಆತು ನಿಂತಿರ್ತಿ," ಎಂದರು. "ನಾ ಎದ್ರ ತಾನ ನೀ ಉಣ್ಣೂದು? ಅದಕ್ಕ ಲಗು ಲಗು ಉಂಡು ಏಳ್ತಿದ್ದೆ. ಬುತ್ತಿ ತಂದ್ರ ಇಲ್ಲೂ ಬಡಿಸಿಕೋತ ಕುಂದರ್ತಿ. ನೀ ಬಿಸಿ ರೊಟ್ಟಿ ಉಂಡದ್ದು ನಾ ಒಮ್ಮೆನೂ ನೋಡಿಲ್ಲ."

ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅವ್ವನ ಮುಂದೆ ಏನಂತ ಹೇಳಲಿ ಎಂದು ತಲೆ ತಗ್ಗಿಸಿದರು. ಅವರ ಮೇಲೆ ಪ್ರೀತಿ ಉಕ್ಕಿತು, ಹಾಗೆಯೇ ಕೆನ್ನೆಗೊಂದು ಬಿಡಬೇಕು ಅಂತಲೂ ಅನಿಸಿತು. ನನಗಾಗಿ ಅವರು ಅರೆಹೊಟ್ಟೆಯಲ್ಲಿ ಏಳುತ್ತಿದ್ದರು, ಅದನ್ನೇ ನೋಡಿ ನಾನು ಒಳಗೊಳಗೆ ಅಳುತ್ತಿದ್ದೆ. ಹೊನ್ನೂರಪ್ಪನವರು ಆರಿದ ರೊಟ್ಟಿ ತೆಗೆದು ಬೇರೆ ಬಿಸಿ ರೊಟ್ಟಿ ಹಾಕಿದರು. ಮುರಿದೆ, ಬೆರಳು ಚುರ್ ಅಂದಿತು. ದಿನಾ ಕಾದ ಹಂಚಿನ ಮೇಲೆ ರೊಟ್ಟಿ ತಿರುವುವ ಕೈ ಅದು. ಬಿಸಿ ರೊಟ್ಟಿ ಇಷ್ಟು ಸಿಹಿ ಇರುತ್ತದೆ ಅಂತ ನನಗೆ ಮರೆತೇಹೋಗಿತ್ತು.

ಅವರು ಅಲ್ಲಿಯೂ ರೂಢಿ ತಪ್ಪದೆ ಗಬಗಬ ಉಂಡು ಅರ್ಧ ಎದ್ದರು. ನನ್ನ ತಾಟು ನೋಡಿ ನಾಚಿಕೊಂಡು ಮತ್ತೆ ಕುಳಿತರು.

ಸಂಜೆಗೆ ಗಂಗಾವತಿ ದಾರಿಯ ಹೇಮಗುಡ್ಡಕ್ಕೆ ಬಂದು, ದುರ್ಗಮ್ಮನಿಗೆ ಕೈಮುಗಿದು, ಬಂಡೆಯೊಂದರ ಮೇಲೆ ಕುಳಿತೆವು. ನಾನು ಬುತ್ತಿ ಬಿಚ್ಚಿದೆ. ತಂದೇಬಿಟ್ಟೆಯಾ ಎಂದು ನಕ್ಕರು. ಗಂಟಿನಲ್ಲಿ ರೊಟ್ಟಿ ಇತ್ತು, ಎಣ್ಣೆಗಾಯಿ ಇತ್ತು, ತಾಟು ಮಾತ್ರ ಒಂದೇ. ಇಬ್ಬರಿಗೆ ಬುತ್ತಿ ಕಟ್ಟಿ ಒಂದೇ ತಾಟು ಇಟ್ಟುಕೊಂಡಿದ್ದೆ, ಎರಡನೆಯದು ಬೇಕಾದೀತೆಂದು ತಲೆಗೇ ಹೊಳೆದಿರಲಿಲ್ಲ. ಅವರು ಆ ತಾಟನ್ನು ನೋಡಿದರು. ಆಮೇಲೆ ಅದನ್ನು ನನ್ನ ಮುಂದೆ ಸರಿಸಿ, ತಾವು ಅಂಗೈಮೇಲೆ ರೊಟ್ಟಿ ಇಟ್ಟುಕೊಂಡು ಪಲ್ಯ ಹಾಕಿಸಿಕೊಂಡರು.

ಅಗಿದರು. ಮತ್ತೂ ಅಗಿದರು. "ಉಪ್ಪು ಜರಾ ಜಾಸ್ತಿ ಐತಿ," ಎಂದರು.

ಇವತ್ತಷ್ಟೇ ಹೀಗೋ ಎಂದು ಕೇಳಿದೆ. ಮೊದಲಿನಿಂದಲೂ ಹೀಗೇ ಎಂದರು. ಇಷ್ಟು ವರ್ಷ ಕಾದು ಸಿಕ್ಕ ಮಾತು ಇದು. ಬೈಯಬೇಕೆಂದು ಬಾಯಿ ತೆರೆದೆ, ಅಷ್ಟರಲ್ಲಿ ಅವರು ಇನ್ನೊಂದು ರೊಟ್ಟಿಗೆ ಕೈ ಚಾಚಿದರು. ನನ್ನ ಕೈಯಿಂದ ಅವರು ತಾವಾಗಿ ಎರಡನೆಯ ಸಲ ಹಾಕಿಸಿಕೊಂಡದ್ದು ಅದೇ ಮೊದಲು.

"ನಾಳಿಂದ ಮನ್ಯಾಗ ಎರಡು ತಾಟು ಹಚ್ಚು," ಎಂದರು. "ಅವ್ವಗ ನಾ ಹೇಳ್ತೀನಿ."

ನಾನು ಹೂಂ ಅಂದೆ. ನನ್ನ ಊಟ ಮುಗಿದಿತ್ತು. ಅವರು ಬಯಲಿನ ಹಸಿರು ಗದ್ದೆಗಳನ್ನು ನೋಡುತ್ತ, ಇಟಗಿಯ ಕಂಬ ನೋಡಿದಷ್ಟೇ ನಿಧಾನವಾಗಿ, ಒಂದೊಂದೇ ಚೂರು ಮುರಿದು ಉಣ್ಣುತ್ತಿದ್ದರು. ನಾನು ಕೈ ತೊಳೆದುಕೊಂಡು, ಹೊಟ್ಟೆ ತುಂಬ ಉಂಡವಳು, ಅವರ ಊಟ ಮುಗಿಯಲೆಂದು ಕಾಯುತ್ತ ಕುಳಿತೆ.