ಅಂಗಿ ಹಿಡಿದು ನಿಂತವರು

ಮಜ್ಜಿಗೆಯ ಹುಳಿ ವಾಸನೆ, ಅದರ ಬೆನ್ನಿಗೇ ಅರಿಷಿಣ, ಕುಸುಬಿ ಎಣ್ಣೆ — ಯಾರೋ ಅಖಾಡದ ಕೆಂಪು ಮಣ್ಣನ್ನು ಮತ್ತೊಮ್ಮೆ ಮೇಲೆ ಕೆಳಗೆ ಮಾಡುತ್ತಿದ್ದಾರೆ, ಗುದ್ದಲಿ ಬಿದ್ದಾಗಿನ ಸಪ್ಪಳ ಮೆತ್ತಗಿದೆ, ಅಂದರೆ ಮಣ್ಣು ಹದಕ್ಕೆ ಬಂದಿದೆ, ಬಿದ್ದರೆ ನೋಯುವುದಿಲ್ಲ ಎಂದುಕೊಂಡ ಹುಚ್ಚೀರಪ್ಪ, ಅಂದುಕೊಂಡದ್ದಕ್ಕೆ ಅವನಿಗೇ ನಗು ಬಂತು, ಕುಸ್ತಿ ಹಿಡಿಯುವ ಮೊದಲೇ ಬೀಳುವ ವಿಚಾರ ಮಾಡುವ ಪೈಲ್ವಾನ ಎಲ್ಲಿಯಾದರೂ ಇದ್ದಾನೆಯೇ, ಆದರೆ ನಗು ಬಂದದ್ದು ಖರೆ, ಹಸಿವಾದದ್ದೂ ಖರೆ, ಬೇವಿನ ಗಿಡದ ನೆರಳಲ್ಲಿ ಕೂತು ಅವನು ತನ್ನ ಹೊಟ್ಟೆ ಗುರುಗುಡುವುದನ್ನು ಹಾಡು ಕೇಳಿದ ಹಾಗೆ ಕೇಳಿಸಿಕೊಂಡ. ಬೆಟಗೇರಿಯ ಬಯಲಿಗೆ ಇವತ್ತು ಊರಿಗೆ ಊರೇ ಬಂದಿದೆ, ಇವತ್ತಿನಿಂದ ನಾವು ಮುಂಬಯಿಯವರಲ್ಲವಂತೆ, ಹೊಳೆಯಾಚೆ ನಿಜಾಮನ ಸೀಮೆಯಲ್ಲಿದ್ದವರೂ ಈಚೆಯ ನಾವೂ ಒಂದೇ ರಾಜ್ಯವಂತೆ, ರಾಮಚಂದ್ರ ಮಾಸ್ತರರು ಬೆಳಿಗ್ಗೆಯೇ ಎಲ್ಲರ ಅಂಗೈಗೆ ಸಕ್ಕರೆ ಹಾಕುತ್ತ ಹೊರಟಿದ್ದರು, ಸಕ್ಕರೆ ನಾಲಿಗೆಯ ಮೇಲೆ ಕರಗಿತು, ಸುಮ್ಮನೆ ಕರಗಿತು, ಎರಡು ವರ್ಷದ ಹಿಂದೆ ಇದೇ ನಾಲಿಗೆಗೆ ಸಕ್ಕರೆ ಮಣ್ಣಿನಂತಿತ್ತು. ಆ ಮೂಲೆಯಲ್ಲಿ ಕಾಲು ಚಾಚಿ ಕೂತವನು ಶಿರಹಟ್ಟಿಯ ಕುತುಬುದ್ದೀನ, ಇವತ್ತಿನ ಜೋಡಿ ಅವನದೇ, ಅವತ್ತಿನದೂ ಅವನದೇ ಇತ್ತು — ಇತ್ತು, ಹಿಡಿಯಲಿಲ್ಲ.

ಅವತ್ತು ಅಂದರೆ, ಕನ್ನಡದವರೆಲ್ಲ ಒಂದಾಗಬೇಕೋ ಬೇಡವೋ ಎಂದು ಕೇಳಿಕೊಂಡು ಆಯೋಗದವರು ತಿರುಗಾಡುತ್ತಿದ್ದ ವರ್ಷ, ಊರೆಲ್ಲ ಅದೇ ಮಾತು, ತಾಲೀಮಿನ ಗರಡಿಯಲ್ಲಿ ಮಾತ್ರ ಹುಚ್ಚೀರಪ್ಪನದೇ ಮಾತು. ಕಳಸಾಪುರದ ಒಕ್ಕಲಿಗರ ಮನೆಯ ಹುಡುಗ, ತುಂಬಿದ ಹತ್ತಿಯ ಅಂಡಿಗೆಯನ್ನು ಒಬ್ಬನೇ ಎತ್ತಿ ಗಾಡಿಗೆ ಹಾಕುತ್ತಿದ್ದುದನ್ನು ಪೇಟೆಯಲ್ಲಿ ನೋಡಿದವರು ಹತ್ತಿ ವ್ಯಾಪಾರದ ಅಂದಪ್ಪ, ತಾಲೀಮಿನ ಹಿರಿಯ ಪಂಚರು, ಅಲ್ಲಿಂದಲೇ ಕರೆತಂದು ಕುಸ್ತಿ ಕಲಿಸುವ ವಸ್ತಾದ ಲಾಡಸಾಬನ ಮುಂದೆ ನಿಲ್ಲಿಸಿದ್ದರು, ಪಗಾರ ಗೊತ್ತು ಮಾಡಿದರು, ಹಾಲು ಬಾದಾಮಿ ತುಪ್ಪದ ಖುರಾಕು ಗೊತ್ತು ಮಾಡಿದರು, ಅವನೂ ಗೆದ್ದ, ಮುಂಡರಗಿಯಲ್ಲಿ ಗೆದ್ದ, ಶಿರಹಟ್ಟಿಯಲ್ಲಿ ಗೆದ್ದ, ಗೆದ್ದಾಗಲೆಲ್ಲ ಹೆಗಲ ಮೇಲೆ ಹೊತ್ತು ತಂದರು, ಹೊತ್ತವರು ಕೆಳಗಿಳಿಸುವಾಗ ಬೆನ್ನು ಚಪ್ಪರಿಸಿ ಹೇಳುತ್ತಿದ್ದರು, ತಾಲೀಮಿನ ಹೆಸರು ನಿನ್ನ ಭುಜದ ಮ್ಯಾಲೈತಿ ನೋಡಪಾ. ಭುಜ ಅಗಲವೇ ಇತ್ತು, ಆದರೂ ಅದೇನು ಭಾರವೋ, ದಿನದಿನಕ್ಕೆ ಹೆಚ್ಚಾಯಿತು, ಮೊದಲು ನಿದ್ದೆ ಹೋಯಿತು, ಆಮೇಲೆ ತುತ್ತು ಗಂಟಲಲ್ಲಿ ನಿಲ್ಲತೊಡಗಿತು, ಹಾಲನ್ನು ಯಾರಿಗೂ ಕಾಣದಂತೆ ತಾಲೀಮಿನ ನಾಯಿಗೆ ಸುರುವುತ್ತಿದ್ದ, ಆ ನಾಯಿ ಎಷ್ಟು ಮಿರಿಮಿರಿ ಮಿಂಚುತ್ತಿತ್ತೆಂದರೆ ಬಂದವರೆಲ್ಲ ಅದನ್ನೇ ಹೊಗಳುತ್ತಿದ್ದರು — ಈಗ ನೆನೆದರೆ ನಗು, ಆಗ ನಗು ಎಲ್ಲಿತ್ತು, ಆಗ ಹಲಗಿಯ ಸಪ್ಪಳ ಕೇಳಿದರೆ ಬೆನ್ನು ತಣ್ಣಗಾಗುತ್ತಿತ್ತು, ಹೇಳೋಣವೆಂದರೆ ಏನೆಂದು ಹೇಳುವುದು, ಪೈಲ್ವಾನನ ಬಾಯಲ್ಲಿ ಹೆದರಿಕೆ ಎಂಬ ಮಾತು ಹ್ಯಾಗೆ ಬರಬೇಕು.

ಲಕ್ಷ್ಮೇಶ್ವರದ ಬಯಲು, ಬಿಸಿಲು ಇಳಿಯುವ ಹೊತ್ತು, ಮರದ ಮೇಲೂ ಜನ, ಕುತುಬುದ್ದೀನ ಎದುರಿಗೆ ಬಂದು ನಿಂತ, ಹಲಗಿ ಬಾರಿಸುತ್ತಲೇ ಇದ್ದಾರೆ, ಹುಚ್ಚೀರಪ್ಪ ಬಗ್ಗಿ ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಂಡ, ಏಳುವಷ್ಟರಲ್ಲಿ ಎದೆಯೊಳಗೆ ಯಾರೋ ಕುಟ್ಟತೊಡಗಿದರು, ಉಸಿರು ಒಳಗೆ ಹೋದದ್ದು ಹೊರಗೆ ಬರಲೊಲ್ಲದು, ಕೈಬೆರಳು ಜೋಮು ಹಿಡಿದವು, ಸಾಯುತ್ತೇನೆ ಎಂದುಕೊಂಡ, ಇಲ್ಲಿ ಇಷ್ಟು ಜನರ ನಡುವೆ ನಿಂತುಕೊಂಡೇ ಸಾಯುತ್ತೇನೆ, ಅಷ್ಟೇ, ತಿರುಗಿ ನಡೆದುಬಿಟ್ಟ, ಲಂಗೋಟಿಯ ಮೇಲೆ, ಜನ ಬಾಯಿಬಾಯಿ ಬಿಡುತ್ತ ದಾರಿ ಬಿಟ್ಟರು, ಆಮೇಲೆ ನಕ್ಕರು, ಆಮೇಲೆ ಕೂಗಿದರು, ಹೆಸರಿನ್ಯಾಗ ಹುಚ್ಚ ಇದ್ದಂವ ಈಗ ಖರೇನ ಹುಚ್ಚ ಆದ ಅಂತ. ಮಕ್ಕಳು ಉಳಿಯದ ಮನೆಯಲ್ಲಿ ಅವ್ವ ಹರಕೆ ಹೊತ್ತು ಇಟ್ಟ ಹೆಸರು ಅದು. ನಡೆದ, ನಡೆದ, ಯಳವತ್ತಿಯ ಹತ್ತಿರ ಯಾರದೋ ಜೋಳದ ಹೊಲದಲ್ಲಿ ಕಾಲು ಸೋತು ಕೂತ, ಜೋಳ ತಲೆಗಿಂತ ಎತ್ತರ, ಯಾರಿಗೂ ಕಾಣುವುದಿಲ್ಲ ಎಂಬುದೇ ಒಂದು ಸುಖ, ಬದುವಿನ ಮೇಲೆ ಗಾಡಿ ನಿಂತ ಸಪ್ಪಳ, ಲಾಡಸಾಬ ಜೋಳದ ದಂಟು ಸರಿಸುತ್ತ ಬಂದವನು ತನ್ನ ಹೊದಿಕೆ ತೆಗೆದು ಹೊದಿಸಿ ಪಕ್ಕದಲ್ಲೇ ಕೂತ, ಎಷ್ಟೋ ಹೊತ್ತಿಗೆ ಹೇಳಿದ, ಕುತುಬುದ್ದೀನನ ಕೈ ಎತ್ತಾಕ ಹೋದ್ರಪಾ, ಅಂವ ಎತ್ತಗೊಡಲಿಲ್ಲ, ಹಿಡೀಲಾರದ ಕುಸ್ತಿ ಗೆದ್ದೆ ಅಂತ ಹ್ಯಾಂಗ ಹೇಳ್ಕೊಳ್ಳಿ ಅಂದ. ಆ ಮಾತಿಗೆ ಹುಚ್ಚೀರಪ್ಪನಿಗೆ ಅಳು ಬಂತು, ಅಪ್ಪ ಸತ್ತಾಗಲೂ ಬರದಿದ್ದ ಅಳು.

ಆಮೇಲೆ ಪಂಚರು ಕೂಡಿದರು, ಕಸರತ್ತಿನ ಗದೆ ಕರಲಾಕಟ್ಟಿ ಇಡುವ ಕತ್ತಲೆ ಕೋಣೆಯಲ್ಲಿ ಗೋಡೆಗೆ ತಲೆ ಆನಿಸಿ ಕೂತಿದ್ದ ಅವನಿಗೆ ಒಂದೊಂದು ಮಾತೂ ಕೇಳುತ್ತಿತ್ತು, ಅಂದಪ್ಪನವರ ದನಿ ಎಲ್ಲರಿಗಿಂತ ಮೇಲೆ, ಊರ ಮುಂದೆ ಮುಖ ಎತ್ತುವ ಹಾಗಿಲ್ಲ, ಯಾರೋ ಬಳೆ ಕಳಿಸಿದ್ದಾರೆ ತಾಲೀಮಿಗೆ, ಹಸಿರು ಬಳೆ, ಅವನನ್ನು ಹೊಲಕ್ಕೆ ಕಳಿಸಿ ಬೇರೆ ಹುರಿಯಾಳನ್ನು ನೋಡೋಣ, ತಾಲೀಮು ಏನು ದವಾಖಾನಿ ಅಲ್ಲ ವಸ್ತಾದ. ಲಾಡಸಾಬ ಕೂಗಲಿಲ್ಲ, ಅವನು ಎಂದೂ ಕೂಗಿದವನಲ್ಲ. ಕೈ ಮುರಕೊಂಡು ಬಂದಿದ್ರ ಏನ್ ಮಾಡತಿದ್ರಿ ಅಂದಪ್ಪಣ್ಣಾರ, ಎಣ್ಣಿ ತಿಕ್ಕಿ ಪಟ್ಟಿ ಕಟ್ಟಿ ಕೂಡೋತನಕ ಖುರಾಕ ಕೊಡತಿದ್ರಿ. ಇವನ ಒಳಗ ಏನೋ ಮುರದೈತಿ, ನಮ್ಮ ಕಣ್ಣಿಗೆ ಕಾಣವಲ್ದು ಅಷ್ಟ. ನಮ್ಮ ಅಖಾಡದಾಗ ಮುರದದ್ದು, ಕೂಡಸೂದೂ ನಮ್ಮ ಕೆಲಸ. ಆಮೇಲೆ ಮಾಸ್ತರರ ಸಣ್ಣ ದನಿ, ತಾಲೀಮಿನ ಕಾರ್ಯದರ್ಶಿ ಆದರೂ ಕುಸ್ತಿಯ ಪಟ್ಟು ಒಂದೂ ತಿಳಿಯದ ಮನುಷ್ಯ, ಎಷ್ಟು ಬೈಠಕ್ ಹೊಡದೀ ಅಂತ ಕೇಳೀವಿ, ಎಷ್ಟು ಹಾಲು ಕುಡದೀ ಅಂತ ಕೇಳೀವಿ, ಹ್ಯಾಂಗಿದ್ದೀ ಅಂತ ನಮ್ಮೊಳಗ ಯಾರರೇ ಕೇಳೀವೇನು? ಅಂದಪ್ಪನವರು ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡರೆಂದು ಆಮೇಲೆ ತಿಳಿಯಿತು, ಆಗ ಕೇಳಿದ್ದು ಅವರ ಒಂದೇ ಮಾತು, ಆತು, ಇಲ್ಲೇ ಇರಲಿ. ಗೋಡೆಯ ಈಚೆ ಅವನು ಒಂದು ಉದ್ದನೆಯ ಉಸಿರು ಬಿಟ್ಟ.

ಇದ್ದ. ಪಗಾರವೂ ಖುರಾಕೂ ಮುಂಚಿನಂತೆ, ಕುಸ್ತಿ ಮಾತ್ರ ಅವನಾಗಿ ಕೇಳುವ ತನಕ ಇಲ್ಲ. ಹಗಲೆಲ್ಲ ಲಾಡಸಾಬನ ಮನೆಯಲ್ಲಿ, ಅವರು ಸೀರೆ ನೇಯುವ ಮಗ್ಗದ ಪಕ್ಕ, ವಸ್ತಾದನ ಹೆಂಡತಿ ಶಮಶಾದಬಿ ರಾಟಿ ಅವನ ಮುಂದಿಟ್ಟು ಲಾಳಿಯಲ್ಲಿಡುವ ಕಂಡಿಕಿಗೆ ನೂಲು ಸುತ್ತಲು ಹಚ್ಚಿದಳು, ಸೀರೆಯ ಅಡ್ಡನೂಲು, ದಾಳಿಂಬೆ ಬಣ್ಣದ್ದು, ಜಗ್ಗಿದರೆ ಹರಿಯುತ್ತದೆ ಬಿಟ್ಟರೆ ಸಿಕ್ಕಾಗುತ್ತದೆ, ಮೊದಮೊದಲು ಹರಿದದ್ದೇ ಹೆಚ್ಚು, ಆಕೆ ಗೊಣಗುತ್ತಲೇ ಗಂಟು ಹಾಕಿಕೊಡುತ್ತಿದ್ದಳು, ಗೊಣಗುತ್ತಲೇ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕುತ್ತಿದ್ದಳು, ಒಂದು ದಿನ ನೋಡಿದರೆ ರೊಟ್ಟಿ ಗಂಟಲಲ್ಲಿ ನಿಲ್ಲದೆ ಇಳಿದುಹೋಗಿತ್ತು, ಅದು ಇಳಿದದ್ದೇ ಅವನಿಗೆ ಗೊತ್ತಾಗಿರಲಿಲ್ಲ. ಅವ್ವ ಗದಿಗೆವ್ವ ಅವನನ್ನು ಊರಿಗೆ ಕರೆದೊಯ್ಯಲೆಂದೇ ಬಂದಿದ್ದಳು, ತಾಯತ ಕಟ್ಟಿಸುವುದೆಂದು ಯಾರದೋ ಹೆಸರನ್ನೂ ಕೇಳಿಕೊಂಡು ಬಂದಿದ್ದಳು, ಬಾಗಿಲಲ್ಲಿ ನಿಂತು ಗುಡ್ಡದಂಥ ಮಗ ಬೆರಳ ತುದಿಯಲ್ಲಿ ನೂಲು ಹಿಡಿದು ರಾಟಿ ತಿರುಗಿಸುವುದನ್ನು ನೋಡಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು, ಅವನೂ ನಕ್ಕ, ಆಕೆ ಬುತ್ತಿ ಬಿಚ್ಚಿಟ್ಟು ಶಮಶಾದಬಿಗೆ ಹೇಳಿದ್ದು ಇಷ್ಟೇ, ನನಗಿಂತ ಛಲೋ ನೋಡ್ಕೊಂಡಿಯವ್ವಾ, ಇಲ್ಲೇ ಇರಲಿ. ಸಂಜೆ ಪಂಚರಲ್ಲಿ ಒಬ್ಬೊಬ್ಬರು ಬಂದು ಅವನ ಜೊತೆ ಕೆರೆಯ ದಂಡೆಯ ತನಕ ತಿರುಗಾಡಬೇಕು ಎಂದು ತಮ್ಮೊಳಗೇ ಗೊತ್ತು ಮಾಡಿಕೊಂಡಿದ್ದರು, ಮಾಸ್ತರರು ಬಂದರೆ ನಕ್ಷತ್ರಗಳ ಮಾತು, ಅಂದಪ್ಪನವರು ಬಂದರೆ ಹತ್ತಿಯ ಧಾರಣೆ, ಹತ್ತಿಯ ಧಾರಣೆ ಬಿಟ್ಟು ಬೇರೆ ಮಾತು ಬರದ ಮನುಷ್ಯ, ಹಾಗಿದ್ದವರು ಒಂದು ಸಂಜೆ ನಡೆಯುತ್ತ ನಡೆಯುತ್ತ ನಿಂತೇಬಿಟ್ಟರು, ನೀರಿನ ಕಡೆ ನೋಡುತ್ತ ಹೇಳಿದರು, ನನ್ನ ತಮ್ಮ ತೀರಿಕೊಂಡ ವರ್ಷ ನನಗ ಅಂಗಡಿ ಬಾಗಲಾ ತಗಿಯಾಕ ಕೈ ಏಳತಿದ್ದಿಲ್ಲಲೇ, ಕೀಲಿ ಹಿಡಕೊಂಡು ಹಂಗ ನಿಂತಬಿಡತಿದ್ದೆ, ಮನ್ಯಾಗೂ ಹೇಳಿಲ್ಲ, ಈಗ ನಿನಗ ಹೇಳೀನಿ. ಹುಚ್ಚೀರಪ್ಪ, ಹ್ಯಾಂಗದೀರಿ ಈಗ ಎಂದು ಕೇಳಿದ, ಕೇಳಿದ ಮೇಲೆ ಇಬ್ಬರಿಗೂ ಹಗುರವಾಯಿತು. ಈಗ ತಾಲೀಮಿನಲ್ಲಿ ಅದೊಂದು ಪದ್ಧತಿಯೇ ಆಗಿದೆ, ಗೆದ್ದು ಬರಲಿ ಸೋತು ಬರಲಿ, ವಸ್ತಾದ ಮೊದಲು ಪಕ್ಕದಲ್ಲಿ ಕೂಡಿಸಿಕೊಂಡು ಹ್ಯಾಂಗದಿ ಅನ್ನುತ್ತಾನೆ, ಹಾಲು ಆಮೇಲೆ, ಮೀಸೆ ತಿರುವುವ ಪೈಲ್ವಾನನೊಬ್ಬ ಪ್ರತಿ ಕುಸ್ತಿಗೂ ಮುಂಚೆ ತನಗೆ ವಾಂತಿಯಾಗುತ್ತದೆಂದು ಒಪ್ಪಿಕೊಂಡದ್ದು ಅಲ್ಲಿಯೇ.

ಹೋದ ತಿಂಗಳು ಇವನೇ ಕೇಳಿದ, ಕುತುಬುದ್ದೀನನ ಕೂಡ ಒಂದು ಹಿಡೀಲೇನು ವಸ್ತಾದ. ಲಾಡಸಾಬ ಅವಸರ ಮಾಡಲಿಲ್ಲ, ನಾಳೆಯೂ ಅದೇ ಮಾತು ಇದ್ದರೆ ಹೇಳು ಅಂದ, ನಾಳೆಯೂ ಅದೇ ಮಾತಿತ್ತು — ಈಗ ಹಲಗಿ ಶುರುವಾಯಿತು, ಅಂದಪ್ಪನವರು ರುಮಾಲು ಸರಿಮಾಡಿಕೊಳ್ಳುತ್ತ ಗಿಡದ ಬುಡಕ್ಕೆ ಬಂದರು, ಅಖಾಡದ ದಂಡಿತನಕ ಹೋಗಿ ತಿರುಗಿ ಬರಬೇಕನಿಸಿದ್ರ ಬಾ, ನಿನ್ನ ಅಂಗಿ ಹಿಡಕೊಂಡು ನಾ ಅಲ್ಲೇ ನಿಂತಿರತೀನಿ, ಅಂದು ಕೈ ಚಾಚಿದರು, ಅವನು ಅಂಗಿ ಬಿಚ್ಚಿ ಕೊಟ್ಟ. ಮಣ್ಣು ಕಾಲಿಗೆ ತಂಪು, ಕೂಗು, ಕುತುಬುದ್ದೀನ ಮುಷ್ಟಿ ಮಣ್ಣು ಎತ್ತಿ ಅವನ ಭುಜಕ್ಕೆ ಸವರಿ ಮೆಲ್ಲಗೆ ಅಂದ, ಬ್ಯಾಡನಿಸಿದ್ರ ಹೇಳಪಾ, ಚಹಾ ಕುಡ್ಯೂಣಂತ. ಎದೆಯೊಳಗೆ ಕುಟ್ಟುವವನು ಬಂದೇ ಬಂದ, ಬಾರಪ್ಪ, ನಿನ್ನ ಗುರುತು ನನಗುಂಟು ಎಂದುಕೊಂಡು ಹುಚ್ಚೀರಪ್ಪ ಒಮ್ಮೆ ಹಿಂದೆ ತಿರುಗಿ ನೋಡಿದ, ಅಂದಪ್ಪನವರು ಎರಡೂ ಕೈಯಲ್ಲಿ ಅಂಗಿ ಹಿಡಿದು ನಿಂತೇ ಇದ್ದರು, ಪಕ್ಕದಲ್ಲಿ ವಸ್ತಾದ, ಮಾಸ್ತರರು, ಅವರ ನಡುವೆ ಒಬ್ಬ ಮನುಷ್ಯ ಹೊರಗೆ ಹೋಗುವಷ್ಟು ಜಾಗ ಬಿಟ್ಟಿದ್ದರು. ಉಸಿರು ಹೊರಗೆ ಬಂತು, ಮತ್ತೆ ಒಳಗೆ ಹೋಯಿತು, ಕೈಗೆ ಕೈ ಸೇರಿತು, ಕುತ್ತಿಗೆಗೆ ಕೈ ಬಿತ್ತು, ಭುಜಕ್ಕೆ ಹಣೆ ತಾಗಿತು, ಕಣ್ಣಿನ ಎದುರಿಗೇ ಕುತುಬುದ್ದೀನನ ಕಿವಿ, ಎಷ್ಟೋ ಅಖಾಡಗಳಲ್ಲಿ ಉಜ್ಜಿ ಉಜ್ಜಿ ಬಾತು ಮಡಚಿಕೊಂಡ ಕಿವಿ, ಅದರ ಮಡಿಕೆಯಲ್ಲಿ ಒಂದು ಚಿಟಿಕೆ ಕೆಂಪು ಮಣ್ಣು, ನೋಡಲು ಬಂದ ಅವ್ವ ಎಲ್ಲಿ ಕೂತಿದ್ದಾಳೋ, ಎಡಗಾಲು ಹಿಂದಿಡಬೇಕು — ಕಿವಿ, ಮಡಿಕೆಯಲ್ಲಿ ಮಣ್ಣು — ಜನ ಏನೋ ಕೂಗುತ್ತಿದ್ದಾರೆ, ಕೂಗಲಿ, ಎದೆಯವನು ಕುಟ್ಟುತ್ತಿದ್ದಾನೆ, ಕುಟ್ಟಲಿ — ಕಿವಿ, ಬೆವರಿಗೆ ನೆನೆದು ಇನ್ನೂ ಕೆಂಪಾದ ಮಣ್ಣು — ಕಿವಿಯ ಮಡಿಕೆ — ಮಣ್ಣು —