ಹಂಪಕ್ಕನ ಅಳು

ಓಣಿಯ ತಿರುವು ಬಂದದ್ದೇ ಹಂಪಕ್ಕ ಸೆರಗಿನ ತುದಿಯನ್ನು ಉಂಡೆ ಮಾಡಿ ಬಾಯಿಗೆ ತುರುಕಿಕೊಂಡಳು. ಮಣ್ಣಿಗೆ ಬರುವ ಹೆಣ್ಣುಮಕ್ಕಳು ಬಾಯಿ ತೆರೆಯುವುದೇ ಆ ತಿರುವಿನಲ್ಲಿ. ಅಲ್ಲಿಂದ ಸತ್ತವರ ಹೊಸ್ತಿಲ ತನಕ ಹಾಡಿಕೊಂಡು ಅಳುತ್ತ ಹೋಗಬೇಕು. ಅದರಲ್ಲೂ ಸತ್ತವನು ಒಡಹುಟ್ಟಿದ ತಮ್ಮನಾದರೆ ಇಡೀ ಕೊಟ್ಟೂರಿಗೆ ಕೇಳಬೇಕು. ಈಕೆ ನೋಡಿದರೆ ತಂಬ್ರಹಳ್ಳಿಯಲ್ಲಿ ಬಸ್ಸು ಹತ್ತಿದಾಗಿನಿಂದ ತುಟಿ ಬಿಚ್ಚಿರಲಿಲ್ಲ. ಹಗರಿಬೊಮ್ಮನಹಳ್ಳಿಯಲ್ಲಿ ಬಸ್ಸು ಬದಲಿಸುವಾಗ ಕಂಡಕ್ಟರನಿಗೆ ಆಧಾರ್ ಕಾರ್ಡು ತೋರಿಸಿ "ಕೊಟ್ಟೂರು" ಅಂದದ್ದೊಂದೇ ಮಾತು.

ಬಾಯಿ ಬಿಟ್ಟರೆ ಮಂದಿ ನಗುತ್ತಾರೆ. ಅದೊಂದೇ ಭಯ. ತಮ್ಮನ ಹೆಣದ ಮುಂದೆ ಜನ ಕಿಸಕ್ಕೆನ್ನುವುದನ್ನು ಕೇಳುವ ಬದಲು ಮೂಕಿಯ ಹಾಗೆ ಕೂತು ಎದ್ದು ಬರುವುದೇ ವಾಸಿ ಎಂದು ಆಕೆ ಬಸ್ಸಿನಲ್ಲೇ ತೀರ್ಮಾನ ಮಾಡಿದ್ದಳು.

ಶಾಮಿಯಾನದ ಕೆಳಗೆ ಜನವೆಂದರೆ ಜನ! ವೀರಭದ್ರಯ್ಯ ಏನು ಸಾಹುಕಾರನೇ, ಲೀಡರನೇ? ಬಸ್ ಸ್ಟ್ಯಾಂಡ್ ಹತ್ತಿರ ಒಂದು ಫೋಟೋ ಸ್ಟುಡಿಯೋ ಇಟ್ಟುಕೊಂಡು ಮದುವೆಗಳ ವಿಡಿಯೋ ತೆಗೆದು ಬದುಕಿದವನು. ಅವನನ್ನು ಗೋಡೆಗೆ ಆನಿಸಿ ಕೂಡ್ರಿಸಿದ್ದರು. ಹಣೆ ತುಂಬ ವಿಭೂತಿ, ಕೊರಳ ತುಂಬ ಮಾಲೆ. ಪಕ್ಕದಲ್ಲಿಟ್ಟ ಫೋಟೋ ಮಾತ್ರ ಓಟಿನ ಕಾರ್ಡಿನದು. ಊರಿಗೆಲ್ಲ ಫೋಟೋ ತೆಗೆದವನದು ಹುಡುಕಿದರೆ ಬೇರೆ ಒಂದೂ ಸಿಕ್ಕಿರಲಿಲ್ಲ. ಅವನ ಗೆಳೆಯ ಗಾದೆಪ್ಪ, ನಲವತ್ತು ವರ್ಷ ಅವನ ಜತೆ ಮದುವೆ ಮನೆಗಳಲ್ಲಿ ಲೈಟು ಹಿಡಿದವನು, ಹೆಣದ ತಲೆಯನ್ನು ಹಿಂದಿನ ಹಲಗೆಗೆ ಬಿಳಿ ಬಟ್ಟೆಯಿಂದ ಕಟ್ಟುತ್ತಿದ್ದ.

"ಎಷ್ಟು ಬಿಗಿದ್ರೂ ಸಡ್ಲಾಕ್ಕೈತಿ ನೋಡ್ರಿ ಹಂಪಕ್ಕಾರ," ಅಂದ ಗಾದೆಪ್ಪ. "ಜೀವ ಇದ್ದಾಗೂ ಈ ಅಯ್ಯನ ತಲಿ ನೆಟ್ಟಗ ನಿಂತಿದ್ದಿಲ್ಲ."

ತಮ್ಮನ ಹೆಂಡತಿ ಪಂಪಮ್ಮ ಬಂದು ತೆಕ್ಕೆಗೆ ಬಿದ್ದಳು. "ಚಾಕ ಸಕ್ರಿ ಕಡಿಮಿ ಆಗೈತಿ ಅಂದ್ರು, ಅಕ್ಕಾರ. ನಾ ಒಳಗ ಹೋಗಿ ಸಕ್ರಿ ತರೋದ್ರಾಗ ಹೋಗಿಬಿಟ್ಟಾರ್ರಿ. ನನ್ನ ಕೈಯಾಗ ಚಮಚಾ ಹಂಗ ಐತಿ!"

ಹಂಪಕ್ಕ ಆಕೆಯ ಬೆನ್ನು ಸವರಿದಳು. ಸೆರಗು ಬಾಯಲ್ಲೇ ಇತ್ತು. ಸುತ್ತ ಕೂತ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಒಡಹುಟ್ಟಿದಾಕಿ ಬಂದಾಳ, ಬಾಯಿ ಬಿಡವಲ್ಲಳಲ್ಲವಾ," ಎಂದು ಒಬ್ಬಳು ಪಿಸುಗುಟ್ಟಿದಳು.

ಹಿಂದಿನಿಂದ ಮತ್ತೊಂದು ದನಿ: "ಏ, ಆಕೀನ ಹೌದಿಲ್ಲೋ ಇಕಿ? ಸಿನಿಮಾದಾಕಿ?"

*

ಇಪ್ಪತ್ತು ವರ್ಷದ ಹಿಂದೆ ವೀರಭದ್ರಯ್ಯನಿಗೆ ಸಿನಿಮಾ ಮಾಡುವ ಹುಚ್ಚು ಹತ್ತಿತು. ಆ ಹುಚ್ಚು ಹತ್ತಿದವರು ಊರು ಬಿಡುತ್ತಾರೆ. ಈತ ಊರು ಬಿಡಲಿಲ್ಲ, ಆಷಾಢ ಬರಲಿ ಎಂದು ಕಾದ. ಆಷಾಢದಲ್ಲಿ ಮದುವೆಗಳಿಲ್ಲ, ಕ್ಯಾಮೆರಾ ಖಾಲಿ. ಮದುವೆಯ ಲೈಟು, ಮದುವೆಗೆಂದು ತಂದು ಉಳಿದಿದ್ದ ಹನ್ನೆರಡು ಟೇಪು, ಆಕ್ಟಿಂಗಿಗೆ ನೆಂಟರು. ಊಟ ಪಂಪಮ್ಮನದು.

ಸಿನಿಮಾದ ಹೆಸರು 'ನಾಲ್ಕನೇ ಹೆಗಲು'. ಊರಿನ ಎಲ್ಲರ ಜತೆ ಜಗಳ ಕಾಯ್ದ ಮೂವರು ಅಣ್ಣತಮ್ಮಂದಿರು. ಅವರ ಅಪ್ಪ ಸಾಯುತ್ತಾನೆ. ಹೊರಲು ಮೂರು ಹೆಗಲಿವೆ, ನಾಲ್ಕನೆಯದಕ್ಕೆ ಯಾರೂ ಬರುವುದಿಲ್ಲ. ಹೆಣವನ್ನು ತಳ್ಳುಗಾಡಿಯಲ್ಲಿ ಇಟ್ಟುಕೊಂಡು ಕೋಗಳಿಯಿಂದ ಹಿರೇಹಡಗಲಿಯ ತನಕ ಒಂದು ಹೆಗಲಿಗಾಗಿ ಚೌಕಾಶಿ ಮಾಡುತ್ತ ತಿರುಗುತ್ತಾರೆ. ಹೆಣ ಆದವನು ಗಾದೆಪ್ಪ. ಎಷ್ಟು ಬಡಿದುಕೊಂಡರೂ ಅವನಿಗೆ ಮಾತು ಬಾಯಿಪಾಠ ಆಗುತ್ತಿರಲಿಲ್ಲ, ಅದಕ್ಕೇ ಆ ಪಾರ್ಟು.

ಆ ಕ್ಯಾಮೆರಾದ ಮೈಕು ಅದರ ಮೈಯಲ್ಲೇ ಇತ್ತು. ಹಿಂದೆ ನಿಂತವನು ಕೆಮ್ಮಿದರೆ ಅದೇ ಮೊದಲು ಕೇಳುವುದು. ಹಾಗಾಗಿ ವೀರಭದ್ರಯ್ಯ "ಕಟ್" ಎಂದು ಬಾಯಿ ಬಿಟ್ಟು ಅಂದವನೇ ಅಲ್ಲ. ಸೀನು ಮನಸ್ಸಿಗೆ ಬಂತೆಂದರೆ ಗದ್ದ ಎದೆಗೆ ತಾಗುವ ಹಾಗೆ ಒಂದೇ ಸಲ ತಲೆ ಹಾಕುತ್ತಿದ್ದ. ಅದೇ ಓಕೆ.

"ಅಕ್ಕಾ, ನೀ ಬಂದು ಒಂದೀಟು ಅಳಬೇಕು ನೋಡು," ಎಂದು ತಂಬ್ರಹಳ್ಳಿಗೆ ಬಂದು ಕರೆದಿದ್ದ. ಸುತ್ತ ಹತ್ತು ಹಳ್ಳಿಯಲ್ಲಿ ಹಂಪಕ್ಕನ ಅಳು ಹೆಸರುವಾಸಿ. ಸತ್ತವನು ಎಂಥ ಲುಚ್ಚನೇ ಆಗಿರಲಿ, ಆಕೆ ಕೂತು ಹಾಡಿ ಅತ್ತಳೆಂದರೆ ಊರು ಅವನನ್ನು ಮಾಫಿ ಮಾಡಿಬಿಡುತ್ತಿತ್ತು.

ಆಕೆ ಬಂದವಳೇ ಹೆಣದ ಪಕ್ಕ ಕೂತಳು. ಗಾದೆಪ್ಪನ ಮುಖದ ಮೇಲೆ ಬಟ್ಟೆ. ಕತೆ ಏನು, ಸತ್ತವನ ಹೆಸರೇನು, ಒಬ್ಬರೂ ಹೇಳಿರಲಿಲ್ಲ. ಹಂಪಕ್ಕನಿಗೆ ಹಿಂದಿನ ವರ್ಷ ಹೋದ ಅವ್ವ ಕಣ್ಣಮುಂದೆ ಬಂದಳು. ಅತ್ತಳು. ಅವ್ವನ ರೊಟ್ಟಿ, ಅವ್ವನ ಬೈಗುಳ, ಅವ್ವನ ಒಡೆದ ಹಿಮ್ಮಡಿ, ಎಲ್ಲ ಹಾಡಿನಲ್ಲಿ ಬಂತು. ಬಟ್ಟೆಯ ಒಳಗೆ ಹೆಣವೇ ಬಿಕ್ಕಿತು. ಕೊನೆಗೆ ದನಿ ಸೋತು, ಸೆರಗಿನಿಂದ ಮೂಗು ಒರೆಸಿಕೊಂಡು, ಮುಖ ಎತ್ತಿ, ಕ್ಯಾಮೆರಾದ ಹಿಂದಿದ್ದ ತಮ್ಮನನ್ನು ಆಕೆ ನಿಜವಾಗಿಯೂ ತಿಳಿಯದೆ ಕೇಳಿದಳು:

"ಅಂದಂಗ, ಸತ್ತೋರು ಯಾರೋ ತಮ್ಮಾ?"

ಕ್ಯಾಮೆರಾ ಹೊತ್ತ ಹೆಗಲು ಗಡಗಡ ನಡುಗಿತು. ತುಟಿ ಕಚ್ಚಿ ಹಿಡಿದ ವೀರಭದ್ರಯ್ಯ ಗದ್ದವನ್ನು ಎದೆಗೆ ಹಾಕಿದ.

*

ಟಾಕೀಸಿನಲ್ಲಿ ಸಿನಿಮಾ ಮೂರು ದಿನ ಓಡಿ ಮಲಗಿತು. ಸತ್ತಿತು ಅಂತಲೇ ಎಲ್ಲರೂ ತಿಳಿದರು. ಆಮೇಲೆ ಅದು ಸಂತೆಯಲ್ಲಿ ಸೀಡಿಯಾಗಿ ಎದ್ದಿತು, ಮೊಬೈಲಿನಲ್ಲಿ ಮನೆಮನೆ ಹೊಕ್ಕಿತು. ಕೂಡ್ಲಿಗಿಯ ಚಹಾದಂಗಡಿಯಲ್ಲಿ ಯಾವನಾದರೂ ತನ್ನ ಗೋಳು ಉದ್ದ ಎಳೆದರೆ ಕೇಳುವವರು ಗಂಭೀರವಾಗಿ "ಅಂದಂಗ, ಸತ್ತೋರು ಯಾರೋ ತಮ್ಮಾ?" ಅನ್ನುತ್ತಿದ್ದರು. ಹಡಗಲಿಯಲ್ಲಿ ಟ್ರ್ಯಾಕ್ಟರಿನ ಹಿಂದೆ ಅದನ್ನು ಬರೆಸಿದರು. ಕೋಟಿ ಸುರಿದ ಸಿನಿಮಾಗಳು ಬಂದು ಹೋದವು. ಹನ್ನೆರಡು ಟೇಪಿನದು ಉಳಿಯಿತು.

ಹಂಪಕ್ಕನ ಪಾಲಿಗೆ ಮಾತ್ರ ಅದು ಪೀಡೆ. ಆಕೆ ಆ ಸಿನಿಮಾ ನೋಡಲಿಲ್ಲ, ನಗುವವರನ್ನಷ್ಟೇ ನೋಡಿದಳು. ಒಂಬತ್ತು ವರ್ಷದ ಹಿಂದೆ ಗಂಡ ತೀರಿಕೊಂಡಾಗ ನಾಲ್ಕು ಸಾಲು ಹಾಡುವುದರೊಳಗೆ ಯಾರೋ ಕಿಸಕ್ಕೆಂದರು. ಒಬ್ಬರಿಂದ ಇನ್ನೊಬ್ಬರಿಗೆ ಹಬ್ಬಿ ಅಂಗಳವೇ ಸೆರಗು ಟವೆಲು ಬಾಯಿಗೆ ಹಿಡಿಯಿತು. ಅಂದು ನಿಂತ ಅಳು ಮತ್ತೆ ಹೊರಡಲಿಲ್ಲ.

"ನನ್ನ ಅಳು ಕಸ್ಗೊಂಡ್ಯಲ್ಲೋ. ನನ್ನ ಗಂಡನ ಮುಂದ ಬಾಯಿ ಬಿಟ್ಟು ಅಳದಂಗ ಮಾಡಿದಿ," ಎಂದು ತಮ್ಮನಿಗೆ ಅಂದಿದ್ದಳು. ವೀರಭದ್ರಯ್ಯ ತಲೆ ಬಗ್ಗಿಸಿ ಕೂತಿದ್ದ, ಒಂದು ಮಾತು ಆಡಲಿಲ್ಲ. ಆಮೇಲೆ ಪ್ರತಿ ಪಂಚಮಿಗೆ ತವರಿಗೆ ಕರೆಯಲು ಬಂದ. ಆಕೆ ಉಂಡಿ ಕೊಟ್ಟಳು, ಊಟಕ್ಕೆ ನೀಡಿದಳು, ಜತೆಗೆ ಮಾತ್ರ ಹೋಗಲಿಲ್ಲ. ಒಂಬತ್ತು ಸಲ ಬಂದು ಒಂಬತ್ತು ಸಲ ಒಬ್ಬನೇ ಬಸ್ಸು ಹತ್ತಿದ.

*

ಮಧ್ಯಾಹ್ನ ಇಳಿಯುತ್ತಿದ್ದ ಹಾಗೆ ನಡುವಯಸ್ಸಿನ ಒಬ್ಬಾತ ಹಂಪಕ್ಕನ ಮುಂದೆ ಮಂಡಿಯೂರಿ ಕೂತು ಪಾದ ಮುಟ್ಟಿದ.

"ಅಮ್ಮಾ, ನಾನು ಗವಿಸಿದ್ದೇಶ್ ಅಂತ, ಹರಪನಹಳ್ಳಿಯಾಗೆ ಲೈನ್‌ಮನ್ ಇದೀನಿ. ನೀವೇ ಅಲ್ವಾ ಅಳೋರು?"

ಬಂತಪ್ಪಾ ಗ್ರಹಚಾರ ಎಂದು ಹಂಪಕ್ಕ ಮುಖ ತಿರುಗಿಸಿದಳು. ಅವನು ಏಳಲಿಲ್ಲ.

"ನಮ್ಮಪ್ಪ ಆಸ್ಪತ್ರೆಯಾಗೆ ಕೊನೇ ಹದಿನೈದು ದಿನ ನಿಮ್ಮ ಸೀನೇ ಹಾಕು ಅಂತಿದ್ರು. ಪೂರ್ತಿ ಹನ್ನೊಂದು ನಿಮಿಷ ನಿಮ್ಮ ಜೊತೆ ಅಳೋರು. ಆಮೇಲೆ ಆ ಮಾತು ಬಂದಾಗ ನಗೋರು, ಕೆಮ್ಮು ಬರೋ ಹಂಗೆ."

ಹಂಪಕ್ಕ ತಿರುಗಿದಳು. ಬಾಯಿಂದ ಸೆರಗು ಜಾರಿತು. "ಅಳೋದೂ ಐತೇನು ಅದ್ರಾಗ?"

"ಏನಮ್ಮಾ ಹಿಂಗಂತೀರಿ! ಪೂರ್ತಿ ಐತೆ. ಅದನ್ನ ಯಾರೂ ಮುಂದಕ್ಕೆ ಓಡ್ಸಲ್ಲ. ಆ ಅಳು ಸುಳ್ಳಿದ್ದಿದ್ರೆ ಆ ಮಾತಿಗೆ ಇಪ್ಪತ್ತು ವರ್ಷ ಯಾರು ನಗ್ತಿದ್ರು?"

ಹಂಪಕ್ಕ ಗಾದೆಪ್ಪನ ಕಡೆ ನೋಡಿದಳು. ಅವನು ಕಣ್ಣು ಒರೆಸಿಕೊಂಡ.

"ಟಾಕೀಸಿನೋರು ಕತ್ತರಸು ಅಂತ ಬೆನ್ನು ಹತ್ತಿದ್ರು, ಹಂಪಕ್ಕಾರ. ಅಳೋದು ತಗದು ಮಾತೊಂದ ಇಡು, ಮಂದಿ ಜಲ್ದಿ ನಗ್ತಾರ ಅಂದ್ರು. ನಾನೂ ಹಂಗ ಅಂದೆ, ಸುಳ್ಯಾಕ ಹೇಳಲಿ. 'ನಮ್ಮಕ್ಕ ಅಳೋದನ್ನ ಕತ್ತರಸೋ ಕೈ ನಂದಲ್ಲ ಬಿಡಲೇ' ಅಂದ. ಅದ್ಕ ಮೂರ ದಿನಕ್ಕ ಎತ್ತಿ ಒಗದ್ರು."

"ಇದನ್ಯಾಕ ನನಗ ಹೇಳಲಿಲ್ಲ ಆವ?"

"ಆವ ಯಾವತ್ತು ಬಾಯಿ ಬಿಟ್ಟಾನ್ರಿ?"

ಹೊರಗೆ ಹೆಣ ಹೊರುವ ವಿಮಾನ ಸಿದ್ಧವಾಗಿತ್ತು. ಬಾಳೆಗೊನೆ, ಹೂವು ಕಟ್ಟಿದ ಆ ಚೌಕಟ್ಟಿನಲ್ಲಿ ವೀರಭದ್ರಯ್ಯನನ್ನು ಕೂಡ್ರಿಸಿದರು. ಹೊರಲು ಮೂರು ಮೂಲೆಗೆ ನೆಂಟರು ನಿಂತರು. ನಾಲ್ಕನೆಯದಕ್ಕೆ ನೋಡಬೇಕಿತ್ತು ಫಜೀತಿ! ಐದು ತಾಲೂಕಿನಿಂದ ಬಂದ ಗಂಡಸರು ನಾ ಮುಂದು ತಾ ಮುಂದು ಎಂದು ದಬ್ಬಾಡತೊಡಗಿದರು. "ಪಾಳಿ ಹಚ್ರಿ, ಪಾಳಿ!" ಎಂದು ಗಾದೆಪ್ಪ ಕೂಗಿದ. "ಹತ್ತತ್ತು ಹೆಜ್ಜಿಗೆ ಒಬ್ರು!"

"ತಡೀರಿ," ಅಂದಳು ಹಂಪಕ್ಕ.

ಎಲ್ಲರೂ ತಿರುಗಿದರು. ಆಕೆ ಹೋಗಿ ತಮ್ಮನ ಮುಂದೆ ಕೂತಳು. ಎರಡೂ ಪಾದ ಹಿಡಿದುಕೊಂಡಳು. ಒಂಬತ್ತು ವರ್ಷ ಮುಚ್ಚಿದ್ದ ಗಂಟಲು ಮೊದಲು ಕರಕರ ಅಂದಿತು, ಆಮೇಲೆ ತೆರೆಯಿತು.

"ಪಂಚಮಿಗೆ ಕರಿಯಾಕ ಬಂದ್ಯೋ ನನ್ನಪ್ಪಾ, ಒಬ್ಬಾವನ ತಿರುಗಿ ಹೋದ್ಯೋ... ಊರ ಮದಿವಿ ಎಲ್ಲ ಹಿಡದ್ಯೋ ನನ್ನ ತಮ್ಮಾ, ನಿನ್ನ ಮಾರಿ ಹಿಡಿಯೋರಿಲ್ಲೋ... ಹಿಂದ ನಿಂತೋರ್ನ ಮುಂದ ಕರದ್ಯೋ, ಅಡಿಗಿ ಮಾಡೋರ್ನ, ಎಂಜಲ ಬಳಿಯೋರ್ನ ನಗಸಿ ನಗಸಿ ಹಿಡದ್ಯೋ... ಕ್ಯಾಮರಾ ಹೊತ್ತು ಹೊತ್ತು ಬಲಗಡಿ ಹೆಗಲ ಇಳಿಸಿಕೊಂಡ್ಯೋ... ಅಕ್ಕ ಸಿಟ್ಟು ಮಾಡಿದ್ರ ಒಂದ್ ಮಾತ ಆಡಬಾರ್ದೇನೋ, ನನ್ನ ಮೂಕ ಬಸವಾ..."

ಯಾರೂ ನಗಲಿಲ್ಲ. ಸಾಲಿನಲ್ಲಿ ನಿಂತ ಗಂಡಸರು ಟವೆಲಿನಲ್ಲಿ ಮುಖ ಮುಚ್ಚಿಕೊಂಡರು. ಪಂಪಮ್ಮ ಎದೆ ಬಡಿದುಕೊಂಡು ಅತ್ತಳು. ಎಷ್ಟು ಹೊತ್ತಾಯಿತೋ, ಹಂಪಕ್ಕನ ದನಿ ಸೋತಿತು. ಸೆರಗಿನಿಂದ ಮೂಗು ಒರೆಸಿಕೊಂಡು ಮುಖ ಎತ್ತಿದಳು.

ಅಷ್ಟೇ, ಇಡೀ ಅಂಗಳ ಉಸಿರು ಬಿಗಿಹಿಡಿಯಿತು. ಆ ಮೂಗು ಒರೆಸುವುದು, ಆ ಮುಖ ಎತ್ತುವುದು ಅಲ್ಲಿದ್ದ ಪ್ರತಿಯೊಬ್ಬರಿಗೂ ಬಾಯಿಪಾಠ. ನಗಬಾರದೆಂದು ತುಟಿ ಕಚ್ಚಿದರು, ನೆಲ ನೋಡಿದರು. ಗವಿಸಿದ್ದೇಶ್ ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡ. ಹಂಪಕ್ಕ ಅವರನ್ನೆಲ್ಲ ಒಂದು ಸುತ್ತು ನೋಡಿದಳು. ಅವರ ಕೆನ್ನೆಗಳು ಒದ್ದೆಯಾಗಿದ್ದವು. ಆಮೇಲೆ ತಮ್ಮನ ಕಡೆ ತಿರುಗಿದಳು.

"ಅಂದಂಗ," ಅಂದಳು. ತಮ್ಮನ ಪಾದಗಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು. ಮತ್ತೆ ಅಂದಳು. "ಅಂದಂಗ, ಸತ್ತೋರು ಯಾರೋ ತಮ್ಮಾ?"

ಮೊದಲು ನಕ್ಕವಳು ಪಂಪಮ್ಮ. ಅಳುತ್ತ ಅಳುತ್ತಲೇ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಗಾದೆಪ್ಪ, ಆಮೇಲೆ ಅಂಗಳ, ಆಮೇಲೆ ಓಣಿ. ಹಂಪಕ್ಕನೂ ನಕ್ಕಳು, ಪಾದ ಬಿಡದೆ, ಕಣ್ಣೀರು ಒರೆಸದೆ.

ನಾಲ್ಕು ಹೆಗಲುಗಳು ವಿಮಾನವನ್ನು ಎತ್ತಿದವು. ಹೊತ್ತವರ ನಗು ಇನ್ನೂ ನಿಂತಿರಲಿಲ್ಲ. ಹೆಗಲುಗಳು ಗಡಗಡ ನಡುಗುತ್ತಿದ್ದವು, ಬಾಳೆಗೊನೆ ಅಲುಗುತ್ತಿತ್ತು. ಗಾದೆಪ್ಪ ಬಿಗಿದಿದ್ದ ಬಿಳಿ ಬಟ್ಟೆ ಸಡಿಲಾಯಿತು. ವೀರಭದ್ರಯ್ಯನ ತಲೆ ಮುಂದೆ ಬಾಗಿ, ಗದ್ದ ಒಂದೇ ಸಲ ಎದೆಗೆ ತಾಗಿತು.