ನಾಲ್ಕನೇ ಮಗ್ಗದ ವೈರು

"ಯಾರ್ರಿ ಇದನ್ನ ಕತ್ತರಿಸಿದವ್ರು?"

ತುಂಡಾದ ವೈರನ್ನು ಎತ್ತಿ ಹಿಡಿದು ವೈಶಾಲಿ ಮಗ್ಗಗಳ ಗದ್ದಲವನ್ನೂ ಮೀರಿ ಕೂಗಿದಳು. ಬನಹಟ್ಟಿಯ ಹೊಳಬಸಪ್ಪನ ಶೆಡ್ಡಿನ ಹನ್ನೆರಡು ಮಗ್ಗಗಳಿಗೂ ಅವಳು ಡಿಸೈನ್ ಮಾಡಿದ ಪೆಟ್ಟಿಗೆ ಕೂರಿಸಿ ಇನ್ನೂ ಹದಿನೈದು ದಿನ. ಹಾಸಿನ, ಅಂದರೆ ಉದ್ದಕ್ಕೆ ಬಿಗಿದ, ಎಳೆ ಹರಿದರೆ ತಕ್ಷಣ ಮಗ್ಗ ನಿಲ್ಲಿಸುವ ಪೆಟ್ಟಿಗೆ ಅದು. ಜಮಖಂಡಿಯ ಸಣ್ಣ ಕಂಪನಿಯಲ್ಲಿ ಎಂಟು ತಿಂಗಳು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಅದನ್ನು ಮಾಡಿದ್ದಳು. ಅದರ ವೈರಿಗೇ ಕತ್ತರಿ ಹಾಕುವುದೆಂದರೆ! ಅವಳ ಮೈಯೆಲ್ಲ ಉರಿಯಿತು.

"ನಾನ ಕತ್ತರಿಸೇನಿ," ಎಂದಳು ನಾಲ್ಕನೇ ಮಗ್ಗದ ಶಂಕ್ರೆವ್ವ. "ಎಳಿ ಹರೀಲಿಲ್ಲಂದ್ರೂ ಗಕ್ಕನ ನಿಂದರತೈತಿ. ಹಿಂಗ ನಿಂತ್ರ ನಾ ಸೀರಿ ಯಾವಾಗ ಇಳಸ್ಲಿ?"

"ಎಳಿ ಹರೀದ ನಿಂದ್ರೂದು ಸಾಧ್ಯನ ಇಲ್ಲ. ಸಾವಿರ ಸಲ ಟೆಸ್ಟ್ ಮಾಡೇನಿ."

"ಎಲ್ಲಿ ಮಾಡೀಯವಾ? ಇಲ್ಲಿ ಮಾಡಿದ್ದಂತೂ ನಾ ಕಂಡಿಲ್ಲ."

ಪಕ್ಕದ ಮಗ್ಗದವರು ಕಿಸಕ್ಕನೆ ನಕ್ಕರು. ಆ ನಗು ವೈಶಾಲಿಗೆ ನಾಟಿತು. "ಇವರ ಕೈ ಛಲೋ ಇಲ್ರಿ ಸಾವಕಾರ್ರ. ಇಂಥವ್ರಿದ್ರ ಯಾವ ಮಷಿನ್ನೂ ಬಾಳಂಗಿಲ್ಲ," ಎಂದು ಅಂದೇಬಿಟ್ಟಳು.

ಹೊಳಬಸಪ್ಪನಿಗೆ ಅಷ್ಟು ಸಾಕಾಯಿತು. "ಶಂಕ್ರೆವ್ವ, ನಾಳಿಂದ ಬರಬ್ಯಾಡ," ಎಂದ. ಇಪ್ಪತ್ತು ವರ್ಷ ಅದೇ ಮಗ್ಗದ ಮುಂದೆ ನಿಂತಿದ್ದವಳು ಸೆರಗಿನ ಧೂಳು ಕೊಡವಿ, ವೈಶಾಲಿಯನ್ನು ಒಮ್ಮೆ ನುಂಗುವಂತೆ ನೋಡಿ ಹೊರಟುಹೋದಳು.

ಮಾರನೆಯ ದಿನ ವೈಶಾಲಿ ಅದೇ ಪೆಟ್ಟಿಗೆಯನ್ನು ಜಮಖಂಡಿಯಲ್ಲಿ ಬಿಚ್ಚಿ ನೋಡಿದಳು. ಒಳಗಿನ ಸರ್ಕ್ಯೂಟ್ ಬೋರ್ಡಿನ ತುಂಬ ನೂಲಿನ ಧೂಳು ಹಸಿಹಸಿಯಾಗಿ ಮೆತ್ತಿಕೊಂಡಿತ್ತು. ಬಿಸಿಲಿಗೆ ಎಳೆ ಹರಿಯಬಾರದೆಂದು ಶೆಡ್ಡಿನ ನೆಲಕ್ಕೆ ನೀರು ಚಿಮುಕಿಸುತ್ತಾರೆ, ಕಿಟಕಿಗೆ ಹಸಿ ಗೋಣಿಚೀಲ ಕಟ್ಟುತ್ತಾರೆ. ಬನಹಟ್ಟಿಯ ಪಕ್ಕದ ನೇಕಾರರ ಊರು ರಬಕವಿಯಲ್ಲೇ ಹುಟ್ಟಿ ಬೆಳೆದವಳಿಗೆ ಇದು ಗೊತ್ತಿಲ್ಲವೇ? ಗೊತ್ತಿತ್ತು. ಆದರೂ ಸಾವಿರ ಸಲ ಟೆಸ್ಟ್ ಮಾಡಿದ್ದು ಎಸಿ ಕೋಣೆಯ ಒಣ ಗಾಳಿಯಲ್ಲಿ. ಈಗ ಅದೇ ಧೂಳಿನ ಮೇಲೆ ಒದ್ದೆ ಬಟ್ಟೆ ಹಿಂಡಿ ನೋಡಿದಳು. ಹಸಿ ಧೂಳೇ ಕರೆಂಟು ಸಾಗಿಸಿ, ಒಂದೂ ಎಳೆ ಹರಿಯದೆ ಪೆಟ್ಟಿಗೆ ಟಕ್ಕೆಂದಿತು. "ಥೂ ನಿನ್ನ ಇಂಜಿನಿಯರ್ಕಿಗಿಷ್ಟು!" ಎಂದು ತನ್ನನ್ನೇ ಬೈದುಕೊಂಡಳು.

ವಿಷಯ ತಿಳಿಸಿದಾಗ ಕಂಪನಿಯ ಮಾಲೀಕ ಈಶ್ವರ ತಲೆ ಕೂಡ ಎತ್ತಲಿಲ್ಲ. "ಮುಂದಿನ ಬ್ಯಾಚಿನ ಬೋರ್ಡಿಗೆ ವಾರ್ನಿಶ್ ಹೊಡದ್ರಾತು, ಹಸಿ ತಾಗಂಗಿಲ್ಲ. ಹೊಳಬಸಪ್ಪನ ಮುಂದ ಬಾಯಿ ಬಿಟ್ಟಿ ಅಂದ್ರ ಬ್ಯಾರೆ ಶೆಡ್ಡಿನವರ ನೂರು ಪೆಟ್ಟಿಗಿ ಆರ್ಡರ್ ಹೋಗತೈತಿ. ಅದರ ಹಿಂದ ನೀನೂ ಹೋಗತಿ, ನೋಡು."

ಮರುದಿನ ಮುಂಜಾನೆ ಅವಳು ಬನಹಟ್ಟಿಯ ಬಸ್ಸು ಹತ್ತಿದಳು. ಶಂಕ್ರೆವ್ವ ತನ್ನ ಮನೆಯ ಬಾಗಿಲಲ್ಲೇ ನಿಂತಳು, ಒಳಗೆ ಬಾ ಎನ್ನಲಿಲ್ಲ.

"ತಪ್ಪ ನಂದ ಇತ್ರಿ. ಪೆಟ್ಟಿಗಿದ ದೋಷ," ಎಂದಳು ವೈಶಾಲಿ.

"ನನಗ ಗೊತ್ತಿದ್ದದ್ದ ನನಗ್ಯಾಕ ಹೇಳಾಕ ಬಂದಿ? ಎಲ್ಲಿ ನಿಂತು ಅಂದಿದ್ಯೋ ಅಲ್ಲೇ ನಿಂತು ಹೇಳು, ಹೋಗು." ಬಾಗಿಲು ಮುಚ್ಚಿತು.

ಶೆಡ್ಡಿನ ಗದ್ದಲದಲ್ಲಿ ಹೊಳಬಸಪ್ಪ ಅವಳ ಮಾತು ಕೇಳಿಸದೆಂದು ಕಿವಿಯ ಹತ್ತಿರ ಕೈ ಆಡಿಸಿದ. ಬೇಕೆಂದೇ ಆಡಿಸಿದನೋ ಏನೋ. ವೈಶಾಲಿ ಸೀದಾ ಗೋಡೆಯ ಹತ್ತಿರ ಹೋಗಿ ಮೇನ್ ಸ್ವಿಚ್ ಕೆಳಗೆಳೆದಳು. ಹನ್ನೆರಡೂ ಮಗ್ಗ ನಿಂತವು.

"ಯಾವಾಕಿಬೇ ಅಕಿ, ಕರೆಂಟ್ ತಗದಾಕಿ?" ಯಾರೋ ಕೂಗಿದರು.

"ಶಂಕ್ರೆವ್ವ ಹೇಳಿದ್ದು ಖರೆ ಐತಿ," ಎಂದಳು ವೈಶಾಲಿ. "ಹಸಿ ಗಾಳಿಗೆ ನನ್ನ ಪೆಟ್ಟಿಗಿ ಸುಳ್ಳ ಸುಳ್ಳ ಮಗ್ಗ ನಿಂದರಸತೈತಿ. ಅವರನ್ನ ವಾಪಸ್ ಕರೀರಿ."

ಹೊಳಬಸಪ್ಪ ನಿಧಾನವಾಗಿ ಎದ್ದು ಬಂದ. "ಆತು, ಕರೀತೇನಿ. ಆ ಮಗ್ಗಕ್ಕ ನಿನ್ನೆ ಇಂದ್ರವ್ವನ್ನ ಹಚ್ಚೇನಿ. ಗಂಡ ಸತ್ತು ಎರಡ ತಿಂಗಳಾತು ಅಕಿಗಿ. ಅಕಿನ್ನ ಬಿಡಸೂ ಮಾತು ನಾ ಹೇಳಂಗಿಲ್ಲ. ನಿಮ್ಮ ಬಾಯಿಂದನ ಹೇಳ್ರಿ ಮೇಡಮ್ಮಾರ, ನಡಿ ಮನಿಗಂತ."

ಎಲ್ಲರೂ ಅವಳ ಬಾಯಿಯನ್ನೇ ನೋಡುತ್ತಿದ್ದರು. ನಾಲ್ಕನೇ ಮಗ್ಗದ ಮುಂದಿದ್ದ ಇಂದ್ರವ್ವ ಮಾತ್ರ ಈ ಕಡೆ ತಿರುಗಲಿಲ್ಲ. ಹಾಸಿನ ಮೇಲೆ ಬಗ್ಗಿ, ಕರೆಂಟು ಬರುವುದರೊಳಗೆ ಆಗಬೇಕೆಂಬ ಅವಸರದಲ್ಲಿ, ಹರಿದ ಎಳೆಯೊಂದನ್ನು ಹುಡುಕಿ ಗಂಟು ಹಾಕುತ್ತಿದ್ದಳು.